ಡೆನಿಮ್ ಬಟ್ಟೆಯ ಔನ್ಸ್ ಲೆಕ್ಕ: ತೂಗುವ ಕ್ರಮ ಮತ್ತು ಒಗೆದ ಮೇಲಿನ ತೂಕ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಥಾನು (ಬಟ್ಟೆಯ ಸುರುಳಿ) ಬಿಚ್ಚುವ ಮುನ್ನವೇ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಔನ್ಸ್?’ ಅಂಗಡಿಯವರು ‘ಹನ್ನೆರಡು’ ಎನ್ನುತ್ತಾರೆ, ದರ ಕುದುರುತ್ತದೆ, ಥಾನು ಆಟೊ ಏರುತ್ತದೆ. ಆ ಹನ್ನೆರಡು ಯಾವ ಸ್ಥಿತಿಯ ಹನ್ನೆರಡು ಎಂಬುದನ್ನು ಮಾತ್ರ ಇಬ್ಬರೂ ವಿಚಾರಿಸುವುದಿಲ್ಲ. ಗಂಜಿ ಕುಡಿದು ರಟ್ಟಿನಂತೆ ನಿಂತಿರುವ ಹೊಸ ಬಟ್ಟೆಯ ತೂಕವೋ, ವಾಷಿಂಗ್ ಘಟಕದಿಂದ ಮೆತ್ತಗಾಗಿ ಹೊರಬಂದ ಪ್ಯಾಂಟಿನ ತೂಕವೋ, ಏಪ್ರಿಲ್ ಮಧ್ಯಾಹ್ನದ ಒಣಗಾಳಿಯಲ್ಲಿ ತೂಗಿದ್ದೋ, ಮಳೆ ಹಿಡಿದ ದಿನ ತೂಗಿದ್ದೋ ಎಂಬುದನ್ನು ಅವಲಂಬಿಸಿ ಒಂದೇ ಥಾನಿನ ಬಟ್ಟೆ ಬೇರೆ ಬೇರೆ ಸಂಖ್ಯೆಗಳನ್ನು ತೋರಿಸುತ್ತದೆ.

ಇದನ್ನು ನಾನು ಕಲಿತದ್ದು ಹಣ ಕಳೆದುಕೊಂಡ ಮೇಲೆ. ಕೌಲ್ ಬಜಾರಿನ ಒಂದು ಮನೆಯ ಮುಂದಿನ ಪಡಸಾಲೆಯಲ್ಲಿ ಎಂಟು ಹೊಲಿಗೆ ಯಂತ್ರ ಹಾಕಿಕೊಂಡು ಕೆಲಸ ಶುರು ಮಾಡಿದ ಹೊಸತರಲ್ಲಿ, ಹೊರರಾಜ್ಯದ ವ್ಯಾಪಾರಿಯೊಬ್ಬರಿಗೆ 12 ಔನ್ಸ್ ಬಟ್ಟೆಯ ಪ್ಯಾಂಟ್ ಹೊಲಿದುಕೊಡಲು ಒಪ್ಪಿಕೊಂಡಿದ್ದೆ. ಬಟ್ಟೆ ಹನ್ನೆರಡೇ ಇತ್ತು, ನಾನೇ ತೂಗಿ ನೋಡಿದ್ದೆ. ಅವರು ತೂಗಿದ್ದು ಕಲ್ಲು ಹಾಕಿ ತೊಳೆದು, ಬ್ಲೀಚ್ ಮಾಡಿದ ಪ್ಯಾಂಟನ್ನು. ಅವರಿಗೆ ಬಂದದ್ದು 11 ಚಿಲ್ಲರೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೂ ಬಿಲ್ಲಿನಲ್ಲಿ ಕಡಿತವಾದದ್ದು ನನ್ನದು, ಏಕೆಂದರೆ ಆರ್ಡರ್ ಚೀಟಿಯಲ್ಲಿ ‘12 ಔನ್ಸ್’ ಎಂಬುದರ ಮುಂದೆ ‘ತೊಳೆಯುವ ಮುಂಚೆ’ ಎಂಬ ಎರಡು ಪದಗಳು ಇರಲಿಲ್ಲ. ಅಂದಿನಿಂದ ನಮ್ಮ ಘಟಕದಲ್ಲಿ ತೂಕವನ್ನು ಹೇಗೆ ಅಳೆಯುತ್ತೇವೆ, ತೊಳೆತದಿಂದ ಅದು ಎತ್ತ ಸರಿಯುತ್ತದೆ ಎಂಬುದನ್ನು ಹೇಗೆ ಮೊದಲೇ ಕಂಡುಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಔನ್ಸ್ ಎಂದರೆ ಎಷ್ಟು

ಡೆನಿಮ್ ವ್ಯಾಪಾರದಲ್ಲಿ ಔನ್ಸ್ ಎಂದರೆ ಒಂದು ಚದರ ಗಜ ಬಟ್ಟೆಯ ತೂಕ. ಒಂದು ಗಜ 91.44 ಸೆಂ.ಮೀ.; ಒಂದು ಚದರ ಗಜ ಸುಮಾರು 0.836 ಚದರ ಮೀಟರ್. ಒಂದು ಔನ್ಸ್ 28.35 ಗ್ರಾಂ. ಹೀಗಾಗಿ ಒಂದು ಔನ್ಸ್ ಬಟ್ಟೆ ಎಂದರೆ ಚದರ ಮೀಟರಿಗೆ 33.9 ಗ್ರಾಂ ತೂಗುವ ಬಟ್ಟೆ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕವನ್ನೇ ಜಿಎಸ್‌ಎಂ ಎನ್ನುತ್ತಾರೆ. ಜಿಎಸ್‌ಎಂ ಅನ್ನು 33.9ರಿಂದ ಭಾಗಿಸಿದರೆ ಔನ್ಸ್ ಸಿಗುತ್ತದೆ, ಔನ್ಸನ್ನು 33.9ರಿಂದ ಗುಣಿಸಿದರೆ ಜಿಎಸ್‌ಎಂ ಸಿಗುತ್ತದೆ. 10 ಔನ್ಸ್ ಎಂದರೆ 339, 12 ಔನ್ಸ್ ಎಂದರೆ 407, 14 ಔನ್ಸ್ ಎಂದರೆ 475 ಜಿಎಸ್‌ಎಂ. ಅಂಗಿಗೆ ಬಳಸುವ ತೆಳು ಡೆನಿಮ್ 8 ಔನ್ಸಿಗಿಂತ ಕೆಳಗಿರುತ್ತದೆ, ನಿತ್ಯ ಬಳಕೆಯ ಪ್ಯಾಂಟಿನ ಬಟ್ಟೆ ಹೆಚ್ಚಾಗಿ 10ರಿಂದ 13ರೊಳಗೆ ಇರುತ್ತದೆ, 14 ದಾಟಿದರೆ ದಪ್ಪ ಬಟ್ಟೆ ಎನ್ನುತ್ತೇವೆ.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೆಲವರು ಒಂದು ಮೀಟರ್ ಬಟ್ಟೆಯನ್ನು ಪೂರ್ಣ ಪನ್ನದೊಂದಿಗೆ (ಥಾನಿನ ಅಗಲದೊಂದಿಗೆ) ತೂಗಿ, ಬಂದ ಗ್ರಾಂ ಲೆಕ್ಕವನ್ನೇ ‘ಮೀಟರ್ ತೂಕ’ ಎಂದು ಹೇಳುತ್ತಾರೆ. 58 ಇಂಚು ಪನ್ನದ ಬಟ್ಟೆಯ ಒಂದು ಮೀಟರ್ ಎಂದರೆ ಒಂದು ಚದರ ಮೀಟರ್ ಅಲ್ಲ, ಸುಮಾರು 1.47 ಚದರ ಮೀಟರ್. ಪನ್ನ ಬೇರೆಯಾದರೆ ಅದೇ ಗುಣದ ಬಟ್ಟೆಯ ಮೀಟರ್ ತೂಕವೂ ಬೇರೆಯಾಗುತ್ತದೆ. ಎರಡು ಬಟ್ಟೆಗಳನ್ನು ಹೋಲಿಸುವಾಗ ಮೀಟರ್ ತೂಕವನ್ನು ಪನ್ನದಿಂದ ಭಾಗಿಸದೆ ಹೋಲಿಸಿದರೆ ಅಗಲದ ಬಟ್ಟೆಯೇ ಭಾರವಾಗಿ ಕಾಣುತ್ತದೆ.

ತುಂಡು ಕತ್ತರಿಸಿ ತೂಗುವುದು

ಸರಿಯಾದ ಸಲಕರಣೆ ಎಂದರೆ ಜಿಎಸ್‌ಎಂ ಕಟರ್. ಅಂಗೈಗಿಂತ ತುಸು ದೊಡ್ಡದಾದ ದುಂಡನೆಯ ಈ ಸಾಧನದ ಕೆಳಗೆ ಬ್ಲೇಡುಗಳಿರುತ್ತವೆ; ಬಟ್ಟೆಯನ್ನು ರಬ್ಬರ್ ಹಾಸಿನ ಮೇಲೆ ಹರಡಿ, ಕಟರನ್ನು ಒತ್ತಿ ತಿರುಗಿಸಿದರೆ 11.28 ಸೆಂ.ಮೀ. ವ್ಯಾಸದ ಬಿಲ್ಲೆಯೊಂದು ಕತ್ತರಿಸಿ ಬರುತ್ತದೆ. ಆ ಬಿಲ್ಲೆಯ ವಿಸ್ತೀರ್ಣ ಸರಿಯಾಗಿ 100 ಚದರ ಸೆಂ.ಮೀ.; ಅಂದರೆ ಒಂದು ಚದರ ಮೀಟರಿನ ನೂರನೆಯ ಒಂದು ಭಾಗ. ಬಿಲ್ಲೆ 4.07 ಗ್ರಾಂ ತೂಗಿದರೆ ನೂರರಿಂದ ಗುಣಿಸಿ 407 ಜಿಎಸ್‌ಎಂ ಎನ್ನಬಹುದು. ಬ್ಲೇಡು ಮೊಂಡಾಗಿದ್ದರೆ ದಪ್ಪ ಡೆನಿಮ್ ಕತ್ತರಿಸುವ ಬದಲು ಎಳೆದುಕೊಂಡು ಬರುತ್ತದೆ, ಬಿಲ್ಲೆಯ ಅಂಚಿನಲ್ಲಿ ಬಿಳಿಯ ಹೊಕ್ಕಿನ (ಅಡ್ಡ) ನೂಲು ಮೀಸೆಯಂತೆ ಹೊರಚಾಚಿರುತ್ತದೆ. ಅಂಥ ಬಿಲ್ಲೆಯನ್ನು ತೂಗದೆ ಎಸೆಯಬೇಕು, ಬ್ಲೇಡು ಬದಲಿಸಬೇಕು.

ಕಟರ್ ಇಲ್ಲದವರು ಚೌಕ ಕತ್ತರಿಸಬಹುದು. ಆದರೆ 10 ಸೆಂ.ಮೀ. ಚೌಕವನ್ನು ನಾನು ಒಪ್ಪುವುದಿಲ್ಲ. ಕತ್ತರಿ ಒಂದೇ ಒಂದು ಮಿ.ಮೀ. ಹೊರಗೆ ಸರಿದು ಚೌಕ 10.1 ಸೆಂ.ಮೀ. ಆದರೆ ವಿಸ್ತೀರ್ಣ ಶೇ. 2ರಷ್ಟು ಹೆಚ್ಚುತ್ತದೆ, 12 ಔನ್ಸ್ ಬಟ್ಟೆಯಲ್ಲಿ ಅದು ಕಾಲು ಔನ್ಸ್ ತಪ್ಪು. 20 ಸೆಂ.ಮೀ. ಚೌಕದಲ್ಲಿ ಅದೇ ಒಂದು ಮಿ.ಮೀ. ತಪ್ಪು ಶೇ. 1ಕ್ಕೆ ಇಳಿಯುತ್ತದೆ. ಚೌಕದ ಒಂದು ಬದಿಯನ್ನು ಹಾಸಿನ (ಉದ್ದ) ನೂಲಿನ ಗುಂಟವೇ ಕತ್ತರಿಸಬೇಕು. ಡೆನಿಮಿನ ಮೇಲೆ ಎದ್ದು ಕಾಣುವ ಓರೆ ಗೆರೆಗಳನ್ನು ನಂಬಿ ಕತ್ತರಿಸಿದರೆ ಚೌಕ ಓರೆಯಾಗುತ್ತದೆ. ಒಂದು ನೂಲನ್ನು ಎಳೆದು ತೆಗೆದು, ಅದು ಬಿಟ್ಟ ಗೆರೆಯ ಮೇಲೆ ಕತ್ತರಿ ನಡೆಸುವುದು ಹಳೆಯ ದರ್ಜಿಗಳ ಪದ್ಧತಿ, ಇಲ್ಲಿಯೂ ಅದೇ ಉತ್ತಮ.

ತುಂಡನ್ನು ಎಲ್ಲಿಂದ ಕತ್ತರಿಸುತ್ತೇವೆ ಎಂಬುದೂ ಮುಖ್ಯ. ಥಾನಿನ ತುದಿಯ ಒಂದು ಮೀಟರನ್ನು ಬಿಡಬೇಕು. ಅದು ಎಳೆದಾಟದಲ್ಲಿ ಸಡಿಲವಾಗಿರುತ್ತದೆ. ಎರಡೂ ಕಿನಾರಿಗಳಿಂದ ಪನ್ನದ ಹತ್ತನೆಯ ಒಂದು ಭಾಗದಷ್ಟು ಒಳಗೆ ಬರಬೇಕು, ಏಕೆಂದರೆ ಕಿನಾರಿಯ ಬಳಿ ನೂಲು ಒತ್ತಾಗಿರುತ್ತದೆ. ಉಳಿದ ಅಗಲದಲ್ಲಿ ಐದು ತುಂಡುಗಳನ್ನು ಏಣಿ ಇಟ್ಟಂತೆ ಓರೆಯಾಗಿ ತೆಗೆದರೆ, ಯಾವ ಎರಡು ತುಂಡಿನಲ್ಲೂ ಅದೇ ಹಾಸು ಅಥವಾ ಅದೇ ಹೊಕ್ಕು ಬರುವುದಿಲ್ಲ. ಹಾಗೆ ತೆಗೆದ ಐದು ಬಿಲ್ಲೆಗಳು ಒಮ್ಮೆ ನಮ್ಮಲ್ಲಿ 4.02, 4.09, 4.05, 4.11, 4.03 ಗ್ರಾಂ ತೂಗಿದವು, ಸರಾಸರಿ 4.06, ಅಂದರೆ 406 ಜಿಎಸ್‌ಎಂ, 11.98 ಔನ್ಸ್. ಒಂದೇ ಬಿಲ್ಲೆಯನ್ನು ತೂಗಿ ತೀರ್ಮಾನಿಸಿದ್ದರೆ 11.86ರಿಂದ 12.12ರವರೆಗೆ ಯಾವುದು ಬೇಕಾದರೂ ಬರಬಹುದಿತ್ತು.

ಇನ್ನು ತಕ್ಕಡಿಯ ವಿಷಯ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದೊಂದೇ ಗ್ರಾಂ ತೋರಿಸುತ್ತದೆ. 100 ಚದರ ಸೆಂ.ಮೀ. ಬಿಲ್ಲೆಯಲ್ಲಿ ಒಂದು ಗ್ರಾಂ ಎಂದರೆ 100 ಜಿಎಸ್‌ಎಂ, ಹತ್ತಿರ ಹತ್ತಿರ 3 ಔನ್ಸ್! ಅಂಥ ತಕ್ಕಡಿಯಲ್ಲಿ 4 ಎಂದು ಕಂಡರೆ ಆ ಬಟ್ಟೆ 10.5 ಔನ್ಸ್ ಆಗಿರಬಹುದು, 13 ಔನ್ಸ್ ಕೂಡ ಆಗಿರಬಹುದು. ಬಿಲ್ಲೆ ತೂಗಲು ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ, ಬಂಗಾರ ತೂಗುವಂಥ ತಕ್ಕಡಿ ಬೇಕು. ನಮ್ಮಲ್ಲಿ ಅದು ಬರುವ ಮೊದಲು ನಾನು ಬಿಲ್ಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬೀದಿಯ ಕೊನೆಯ ಪತ್ತಾರರ ಅಂಗಡಿಗೆ ಹೋಗುತ್ತಿದ್ದೆ. ಅವರು ಉಂಗುರ ಇಳಿಸಿ ನನ್ನ ನೀಲಿ ಬಿಲ್ಲೆಯನ್ನು ತಕ್ಕಡಿಯ ಗಾಜಿನ ಮನೆಯೊಳಗೆ ಇಡುತ್ತಿದ್ದರು. ಆ ಅನುಕೂಲವೂ ಇಲ್ಲದವರು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡನ್ನೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದು. ಆಗ ಒಂದು ಗ್ರಾಂ ತಪ್ಪು ಒಂದೇ ಜಿಎಸ್‌ಎಂ ತಪ್ಪಾಗುತ್ತದೆ. ಬಟ್ಟೆ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಆ ತುಂಡನ್ನು ಜೇಬಿಗೋ ಬೆಲ್ಟಿಗೋ ಬಳಸಿಕೊಳ್ಳಬಹುದು.

ಕತ್ತರಿ ಹಾಕದೆಯೇ ಥಾನಿನ ತೂಕದಿಂದಲೂ ಲೆಕ್ಕ ಹಾಕಬಹುದು. 100 ಮೀಟರ್ ಥಾನು, ಪನ್ನ 1.47 ಮೀಟರ್, ಒಟ್ಟು ತೂಕ 59.8 ಕಿಲೊ, ಒಳಗಿನ ರಟ್ಟಿನ ಕೊಳವೆ 0.9 ಕಿಲೊ ಎಂದಿಟ್ಟುಕೊಳ್ಳಿ. ನಿವ್ವಳ 58,900 ಗ್ರಾಮನ್ನು 147 ಚದರ ಮೀಟರಿನಿಂದ ಭಾಗಿಸಿದರೆ 401 ಜಿಎಸ್‌ಎಂ, ಅಂದರೆ 11.8 ಔನ್ಸ್. ಇಲ್ಲಿ ಬರುವ ದೊಡ್ಡ ತಪ್ಪು ತಕ್ಕಡಿಯದ್ದಲ್ಲ, ಚೀಟಿಯಲ್ಲಿ ಬರೆದ ಉದ್ದವನ್ನು ನಂಬುವುದು. ಥಾನನ್ನು ಮೇಜಿನ ಮೇಲೆ ಹರಡುವಾಗ ನಿಜವಾದ ಉದ್ದವನ್ನು ಅಳೆದುಕೊಂಡ ಮೇಲೆಯೇ ಈ ಲೆಕ್ಕವನ್ನು ಮುಗಿಸಬೇಕು.

ಗಾಳಿಯ ತೇವ

ರಾಯಚೂರಿನ ಮಾರುಕಟ್ಟೆಗೆ ಹತ್ತಿ ತರುವ ರೈತರಿಗೆ ತೇವಾಂಶದ ಮಾತು ಹೊಸದಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಶೇ. 8ರ ಮೇಲೆ ತೇವ ಇದ್ದರೆ ದರ ಇಳಿಯುತ್ತದೆ, ಶೇ. 12 ದಾಟಿದರೆ ಹತ್ತಿಯನ್ನು ಕೊಳ್ಳುವುದೇ ಇಲ್ಲ. ನೂಲಾಗಿ, ನೇಯ್ದು, ನೀಲಿ ಬಣ್ಣ ಹಚ್ಚಿಕೊಂಡ ಮೇಲೂ ಹತ್ತಿ ಆ ಗುಣವನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರುತ್ತದೆ, ಗಾಳಿ ಒಣಗಿದರೆ ಬಿಟ್ಟುಕೊಡುತ್ತದೆ. ಆದುದರಿಂದಲೇ ಪ್ರಯೋಗಾಲಯಗಳಲ್ಲಿ ಬಟ್ಟೆಯನ್ನು ಗೊತ್ತಾದ ಹವೆಯಲ್ಲಿ ಇಟ್ಟು ತೂಗುತ್ತಾರೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 65 ಸಾಪೇಕ್ಷ ಆರ್ದ್ರತೆ. ನಮ್ಮಂಥ ಬಿಸಿನಾಡುಗಳಿಗೆ ಭಾರತೀಯ ಮಾನಕದಲ್ಲಿ 27 ಡಿಗ್ರಿ, ಆರ್ದ್ರತೆ ಅಷ್ಟೇ. ಬಟ್ಟೆಯನ್ನು ಎರಡು ಗಂಟೆಗೊಮ್ಮೆ ತೂಗಿ, ಎರಡು ತೂಕಗಳ ನಡುವಿನ ವ್ಯತ್ಯಾಸ ಶೇ. 0.25ಕ್ಕಿಂತ ಕಡಿಮೆಯಾದಾಗ ಅದು ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯುತ್ತಾರೆ.

ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಗಾಳಿಯ ಆರ್ದ್ರತೆ ಶೇ. 30ರ ಸುತ್ತ ಇಳಿದಿರುವಾಗ ಹತ್ತಿಯಲ್ಲಿ ಉಳಿಯುವ ತೇವ ಸುಮಾರು ಶೇ. 4ರಿಂದ 5, ಮಾನಕ ಹವೆಯಲ್ಲಿ ಅದು ಶೇ. 7ರಿಂದ 8. ಹೀಗಾಗಿ ನಿಜವಾಗಿ 407 ಜಿಎಸ್‌ಎಂ ಇರುವ ಬಟ್ಟೆ ಆ ಹೊತ್ತಿನಲ್ಲಿ 395ರ ಆಸುಪಾಸಿನಲ್ಲಿ ತೂಗುತ್ತದೆ, ಅಂದರೆ 11.7 ಔನ್ಸ್. ಡ್ರೈಯರಿನಿಂದ ಆಗಷ್ಟೇ ತೆಗೆದ, ಕೈ ಸುಡುವಷ್ಟು ಬಿಸಿಯಾದ ಬಟ್ಟೆಯನ್ನು ತಕ್ಕಡಿಗೆ ಹಾಕಿದರಂತೂ ಅದರಲ್ಲಿ ತೇವವೇ ಇರುವುದಿಲ್ಲ. 12 ಔನ್ಸ್ ಬಟ್ಟೆ 11.2 ಎಂದು ತೋರಿಸುತ್ತದೆ. ತೊಳೆತದಿಂದ ತೂಕ ಬಹಳ ಇಳಿಯಿತು ಎಂಬ ಎಷ್ಟೋ ದೂರುಗಳ ಹಿಂದೆ ಇರುವುದು ಈ ಬಿಸಿ ಬಟ್ಟೆ. ನಾನು ಕೂಡ ಒಮ್ಮೆ ಹೀಗೆಯೇ ತೂಗಿ, ಬಟ್ಟೆ ಕೊಟ್ಟವರ ಮೇಲೆ ಹರಿಹಾಯ್ದು, ಮರುದಿನ ಅದೇ ತುಂಡನ್ನು ತೂಗಿದಾಗ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಮಾನಕ ಹವೆಯ ಕೋಣೆ ಎಲ್ಲರ ಬಳಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹೋಲಿಸಬೇಕಾದ ಎರಡೂ ತುಂಡುಗಳನ್ನು, ಅಂದರೆ ತೊಳೆಯದ್ದನ್ನೂ ತೊಳೆದದ್ದನ್ನೂ, ಒಂದೇ ಕೋಣೆಯಲ್ಲಿ, ನೆರಳಿನಲ್ಲಿ, ಒಂದರ ಮೇಲೊಂದು ಬೀಳದಂತೆ ಹರಡಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಒಂದೇ ಹೊತ್ತಿನಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿದರೆ ಹವೆಯ ತಪ್ಪು ಎರಡಕ್ಕೂ ಸಮವಾಗಿ ಬೀಳುತ್ತದೆ. ನಮಗೆ ಬೇಕಾದ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ.

ತೊಳೆತದಲ್ಲಿ ಹೋಗುವುದೇನು, ಬರುವುದೇನು

ಒಗೆದರೆ ಬಟ್ಟೆ ಹಗುರವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಒಗೆದರೆ ದಪ್ಪವಾಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ಸರಿ, ಏಕೆಂದರೆ ತೊಳೆತದಲ್ಲಿ ಒಂದಕ್ಕೊಂದು ಎದುರಾದ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಬಟ್ಟೆಯಲ್ಲಿರುವ ವಸ್ತು ಕಡಿಮೆಯಾಗುತ್ತದೆ. ಬಟ್ಟೆಯ ವಿಸ್ತೀರ್ಣವೂ ಕಡಿಮೆಯಾಗುತ್ತದೆ. ತೂಕವನ್ನು ನಾವು ವಿಸ್ತೀರ್ಣದಿಂದ ಭಾಗಿಸಿ ಹೇಳುವುದರಿಂದ, ಯಾವುದು ಹೆಚ್ಚು ಕಡಿಮೆಯಾಯಿತು ಎಂಬುದರ ಮೇಲೆ ಔನ್ಸ್ ಇಳಿಯುತ್ತದೆ ಅಥವಾ ಏರುತ್ತದೆ.

ಮೊದಲು ಹೋಗುವ ವಸ್ತು ಗಂಜಿ. ಮಗ್ಗದ ಮೇಲೆ ಹಾಸಿನ ನೂಲು ಸಾವಿರಾರು ಸಲ ಉಜ್ಜಿಸಿಕೊಳ್ಳುವುದರಿಂದ ಅದು ಹರಿಯದಿರಲೆಂದು ಗಂಜಿ ಹಾಕುತ್ತಾರೆ; ಸಾಮಾನ್ಯವಾಗಿ ಹಾಸಿನ ತೂಕದ ಶೇ. 8ರಿಂದ 12ರಷ್ಟು. ಬೇರೆ ಬಟ್ಟೆಗಳ ಗಂಜಿಯನ್ನು ಮಿಲ್ಲಿನಲ್ಲೇ ತೆಗೆಯುತ್ತಾರೆ, ಡೆನಿಮಿನದ್ದನ್ನು ಹೆಚ್ಚಾಗಿ ಹಾಗೆಯೇ ಬಿಡುತ್ತಾರೆ. ಹೊಸ ಜೀನ್ಸ್ ಬಟ್ಟೆ ಮಡಿಚಿದಲ್ಲಿ ಬಿಳಿ ಗೆರೆ ಬೀಳುವುದಕ್ಕೂ, ಕೈಗೆ ರಟ್ಟಿನಂತೆ ಸಿಗುವುದಕ್ಕೂ ಅದೇ ಕಾರಣ. ವಾಷಿಂಗ್ ಘಟಕದ ಮೊದಲ ಹಂತದಲ್ಲಿ ಅಮೈಲೇಸ್ ಎಂಬ ಕಿಣ್ವವನ್ನು ಬಿಸಿನೀರಿನಲ್ಲಿ ಹಾಕಿ ಈ ಗಂಜಿಯನ್ನು ಕರಗಿಸುತ್ತಾರೆ. ಗಂಜಿಯನ್ನು ಹಾಸಿನ ನೂಲಿಗೆ ಮಾತ್ರ ಹಾಕಿರುವುದರಿಂದ ಇಡೀ ಬಟ್ಟೆಯ ಲೆಕ್ಕದಲ್ಲಿ ಈ ಹಂತದ ನಷ್ಟ ಅದಕ್ಕಿಂತ ಕಡಿಮೆ ಇರುತ್ತದೆ.

ಆಮೇಲೆ ಹೋಗುವುದು ಬಣ್ಣ ಮತ್ತು ನಾರು. ಇಂಡಿಗೋ ನೂಲಿನ ಒಳಗಿನವರೆಗೆ ಇಳಿಯದೆ ಹೊರಮೈಯಲ್ಲಿ ಪದರ ಪದರವಾಗಿ ಕೂರುತ್ತದೆ. ಹಾಸಿನ ಒಂದು ನೂಲನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ನೀಲಿ ಬಳೆಯ ನಡುವೆ ಬಿಳಿ ತಿರುಳು ಕಾಣುತ್ತದೆ. ಪ್ಯೂಮಿಸ್ ಕಲ್ಲು ಅಥವಾ ಸೆಲ್ಯುಲೇಸ್ ಕಿಣ್ವ ಆ ಹೊರಮೈಯನ್ನು ಕೆರೆದು ಬಿಳಿಯನ್ನು ಹೊರತರುವುದೇ ಸ್ಟೋನ್ ವಾಶ್, ಎಂಜೈಮ್ ವಾಶ್‌ಗಳ ಗುಟ್ಟು. ಕೆರೆಯುವಾಗ ಬಣ್ಣದ ಜೊತೆ ಹತ್ತಿಯ ನಾರೂ ಹೋಗುತ್ತದೆ. ಬಣ್ಣದ ತೂಕ ಅತ್ಯಲ್ಪ. ನಾರಿನದ್ದೇ ಲೆಕ್ಕಕ್ಕೆ ಬರುವುದು. ಕಿಣ್ವವನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸದಿದ್ದರೆ, ಬ್ಲೀಚನ್ನು ಪೂರ್ತಿ ತೊಲಗಿಸದಿದ್ದರೆ ಈ ನಷ್ಟ ನಿಲ್ಲುವುದಿಲ್ಲ. ಇನ್ನೊಂದು ಮಾತು: ನಾರು ಕಳೆದು ತೂಕ ಶೇ. 5 ಇಳಿದ ಬಟ್ಟೆಯ ಬಲ ಶೇ. 5 ಮಾತ್ರ ಇಳಿದಿದೆ ಎಂದು ತಿಳಿಯಬಾರದು. ಬಲ ಅದಕ್ಕಿಂತ ಬಹಳ ಹೆಚ್ಚು ಇಳಿದಿರುತ್ತದೆ. ಔನ್ಸ್ ನೋಡಿ ಬಾಳಿಕೆ ಹೇಳುವುದು ತೊಳೆಯದ ಬಟ್ಟೆಗೆ ಒಪ್ಪಬಹುದು, ಬ್ಲೀಚ್ ಕಂಡ ಬಟ್ಟೆಗೆ ಒಪ್ಪುವುದಿಲ್ಲ.

ಹೀಗೆ ಇಳಿದ ತೂಕವೆಲ್ಲ ನೀರಿಗೆ ಹೋಗಿರುತ್ತದೆ ಎಂಬುದನ್ನೂ ಗಮನಿಸಬೇಕು. ಬಟ್ಟೆಯಷ್ಟೇ 550 ಗ್ರಾಂ ಇರುವ ಸಾವಿರ ಪ್ಯಾಂಟುಗಳು ಶೇ. 7 ತೂಕ ಕಳೆದುಕೊಂಡರೆ 38.5 ಕಿಲೊ ಗಂಜಿ, ಬಣ್ಣ, ನಾರು ಚರಂಡಿಯ ಕಡೆ ಹೊರಟಿದೆ ಎಂದರ್ಥ. ನಮ್ಮೂರಿನಲ್ಲಿ ವಾಷಿಂಗ್ ಘಟಕಗಳ ತ್ಯಾಜ್ಯ ನೀರಿನ ಶುದ್ಧೀಕರಣ ಇಷ್ಟೊಂದು ಚರ್ಚೆಯಾಗುವುದು ಸುಮ್ಮನೆ ಅಲ್ಲ.

ಇನ್ನು ಕುಗ್ಗುವಿಕೆ. ಮಗ್ಗದ ಮೇಲೆ ಹಾಸಿನ ನೂಲು ಬಿಗಿಯಾಗಿ ಎಳೆದ ಸ್ಥಿತಿಯಲ್ಲಿ ಇರುತ್ತದೆ. ನೀರು ಬಿದ್ದ ಕೂಡಲೇ ಆ ಬಿಗಿ ಬಿಡುತ್ತದೆ. ಜೊತೆಗೆ ಹತ್ತಿಯ ನಾರು ನೀರು ಕುಡಿದು ದಪ್ಪವಾಗುತ್ತದೆ. ದಪ್ಪವಾದ ಹೊಕ್ಕಿನ ಮೇಲೆ ಏರಿ ಇಳಿದು ಸಾಗಬೇಕಾದ ಹಾಸಿನ ನೂಲಿಗೆ ಹೆಚ್ಚು ದಾರಿ ಬೇಕಾಗುತ್ತದೆ, ಅದರ ಉದ್ದ ಮಾತ್ರ ಅಷ್ಟೇ ಇರುತ್ತದೆ; ಹೀಗಾಗಿ ಹೊಕ್ಕುಗಳು ಒಂದರ ಹತ್ತಿರ ಒಂದು ಸರಿಯುತ್ತವೆ, ಬಟ್ಟೆ ಗಿಡ್ಡವಾಗುತ್ತದೆ. ಅದೇ ನೂಲು ಕಡಿಮೆ ಜಾಗದಲ್ಲಿ ಕೂತದ್ದರಿಂದ ಚದರ ಮೀಟರಿನ ತೂಕ ಏರುತ್ತದೆ. ಇದನ್ನು ಮಿಲ್ಲಿನಲ್ಲೇ ಮುಗಿಸಿ ಕಳಿಸುವ ಯಂತ್ರಕ್ರಮಕ್ಕೆ ಸ್ಯಾನ್‌ಫರೈಸ್ ಎನ್ನುತ್ತಾರೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒದ್ದೆ ಬಟ್ಟೆಯನ್ನು ಹಿಗ್ಗಿಸಿದ ದಪ್ಪ ರಬ್ಬರ್ ಪಟ್ಟಿಗೆ ಒತ್ತಿ, ಪಟ್ಟಿ ಕುಗ್ಗುವಾಗ ಬಟ್ಟೆಯೂ ಕುಗ್ಗುವಂತೆ ಮಾಡುವುದೇ ಅದರ ತಂತ್ರ. ಹಾಗೆ ಮಾಡಿದ ಡೆನಿಮ್ ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ಮಾತ್ರ ಕುಗ್ಗುತ್ತದೆ, ಮಾಡದ್ದು ಶೇ. 7ರಿಂದ 10ರವರೆಗೂ ಕುಗ್ಗಬಹುದು.

ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಬಗೆ ಇಷ್ಟೇ: ತೊಳೆದ ಮೇಲೆ ಉಳಿದ ತೂಕದ ಪಾಲನ್ನು, ಉಳಿದ ವಿಸ್ತೀರ್ಣದ ಪಾಲಿನಿಂದ ಭಾಗಿಸಿ, ಮೊದಲಿನ ಜಿಎಸ್‌ಎಂನಿಂದ ಗುಣಿಸಬೇಕು. ಸ್ಯಾನ್‌ಫರೈಸ್ ಆದ 407 ಜಿಎಸ್‌ಎಂ ಬಟ್ಟೆ ಶೇ. 7 ವಸ್ತು ಕಳೆದುಕೊಂಡು, ಉದ್ದದಲ್ಲಿ ಶೇ. 3, ಅಗಲದಲ್ಲಿ ಶೇ. 2 ಕುಗ್ಗಿತು ಎನ್ನಿ. ಉಳಿದ ವಿಸ್ತೀರ್ಣ 0.97 ಗುಣಿಸು 0.98, ಅಂದರೆ 0.951. ಉಳಿದ ತೂಕ 0.93. ಭಾಗಿಸಿ ಗುಣಿಸಿದರೆ 398 ಜಿಎಸ್‌ಎಂ, 11.7 ಔನ್ಸ್. ಇಲ್ಲಿ ಔನ್ಸ್ ಇಳಿಯಿತು. ಅದೇ 407ರ ಸ್ಯಾನ್‌ಫರೈಸ್ ಆಗದ ಬಟ್ಟೆ ಶೇ. 8 ವಸ್ತು ಕಳೆದುಕೊಂಡರೂ ಉದ್ದದಲ್ಲಿ ಶೇ. 8, ಅಗಲದಲ್ಲಿ ಶೇ. 4 ಕುಗ್ಗಿದರೆ 424 ಜಿಎಸ್‌ಎಂ ಆಗುತ್ತದೆ, 12.5 ಔನ್ಸ್. ವಸ್ತು ಹೆಚ್ಚು ಹೋದ ಬಟ್ಟೆಯೇ ಔನ್ಸಿನಲ್ಲಿ ಭಾರವಾಯಿತು!

ಲೈಕ್ರಾ ಸೇರಿಸಿದ ಹಿಗ್ಗುವ ಡೆನಿಮಿನಲ್ಲಿ ಈ ಏರಿಕೆ ಇನ್ನೂ ಎದ್ದು ಕಾಣುತ್ತದೆ. ಲೈಕ್ರಾ ಎಳೆ ಹೊಕ್ಕಿನಲ್ಲಿ ಇರುವುದರಿಂದ ಬಿಸಿನೀರಿನಲ್ಲಿ ಪನ್ನವೇ ಒಳಸೇರುತ್ತದೆ. 10 ಔನ್ಸಿನ ಬಟ್ಟೆ ಅಗಲದಲ್ಲಿ ಶೇ. 12, ಉದ್ದದಲ್ಲಿ ಶೇ. 3 ಕುಗ್ಗಿ ಶೇ. 6 ವಸ್ತು ಕಳೆದುಕೊಂಡರೆ 11 ಔನ್ಸ್ ಆಗುತ್ತದೆ. ಈ ಕಾರಣದಿಂದಲೇ ಹಿಗ್ಗುವ ಬಟ್ಟೆ ಕೊಳ್ಳುವಾಗ ತೊಳೆಯುವ ಮುಂಚಿನ ತೂಕ, ತೊಳೆದ ಮೇಲಿನ ತೂಕ ಎರಡನ್ನೂ ಕೇಳಿ ಬರೆಸಿಕೊಳ್ಳುವುದು ಕಡ್ಡಾಯ ಎನ್ನುತ್ತೇನೆ.

ತೊಳೆದು ನೋಡುವ ಪರೀಕ್ಷೆ

ಮೇಲಿನ ಶೇಕಡಾ ಲೆಕ್ಕಗಳು ಉದಾಹರಣೆಗೆ ಮಾತ್ರ. ನಿಮ್ಮ ಬಟ್ಟೆಯದ್ದನ್ನು ನೀವೇ ಕಂಡುಕೊಳ್ಳಬೇಕು. ಅದಕ್ಕೆ 60 ಸೆಂ.ಮೀ. ಚೌಕದ ತುಂಡನ್ನು ಕತ್ತರಿಸಿ, ನಾಲ್ಕೂ ಬದಿ ಓವರ್‌ಲಾಕ್ ಹೊಲಿಸಬೇಕು. ಇಲ್ಲದಿದ್ದರೆ ಅಂಚಿನ ನೂಲು ಬಿಚ್ಚಿಹೋಗಿ, ಅದೂ ತೊಳೆತದ ನಷ್ಟವೆಂದು ಲೆಕ್ಕಕ್ಕೆ ಸೇರುತ್ತದೆ. ತುಂಡಿನ ನಡುವೆ 50 ಸೆಂ.ಮೀ. ಚೌಕವನ್ನು ಅಳಿಯದ ಶಾಯಿಯಲ್ಲಿ ಗುರುತಿಸಬೇಕು. ದರ್ಜಿಯ ಸೀಮೆಸುಣ್ಣ ಕಲ್ಲಿನ ತೊಳೆತಕ್ಕೆ ನಿಲ್ಲುವುದಿಲ್ಲ. ಮೂಲೆಗಳಲ್ಲಿ ಬಿಳಿ ಪಾಲಿಯೆಸ್ಟರ್ ದಾರದ ಒಂದೊಂದು ಹೊಲಿಗೆ ಹಾಕುವುದು ಇನ್ನೂ ಭದ್ರ. ಹಾಸಿನ ದಿಕ್ಕಿಗೆ ಒಂದು ಬಾಣದ ಗುರುತು ಇರಲಿ. ಒಂದು ರಾತ್ರಿ ಹರಡಿಟ್ಟು ಇಡೀ ತುಂಡನ್ನು ತೂಗಿ ಬರೆದುಕೊಳ್ಳಬೇಕು.

ಈ ತುಂಡನ್ನು ಮನೆಯ ಬಕೆಟ್ಟಿನಲ್ಲಿ ಒಗೆದು ನೋಡುವುದರಿಂದ ಘಟಕದ ತೊಳೆತದ ಲೆಕ್ಕ ಸಿಗುವುದಿಲ್ಲ. ಪ್ಯಾಂಟುಗಳು ಹೋಗುವ ಅದೇ ಯಂತ್ರದಲ್ಲಿ, ಅದೇ ಕಲ್ಲು, ಅದೇ ಕಿಣ್ವ, ಅದೇ ಸಮಯ, ಅದೇ ಡ್ರೈಯರಿನಲ್ಲಿ ಅದು ಹೋಗಿಬರಬೇಕು. ಸಾಧ್ಯವಾದರೆ ಇನ್ನೊಂದು ತುಂಡನ್ನು ಪ್ಯಾಂಟಿನ ಕಾಲಿನಂತೆ ಕೊಳವೆಯಾಗಿ ಹೊಲಿದು ಹಾಕಿ. ಹೊಲಿದ ಕಾಲು ತಿರುಚಿಕೊಳ್ಳುವುದೂ ಆಗ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಒಗೆಯಲೆಂದೇ ಕೊಳ್ಳುವ ತೊಳೆಯದ ಜೀನ್ಸಿನ ಲೆಕ್ಕ ಬೇಕಾದವರು ಮಾತ್ರ ಮನೆಯಲ್ಲೇ, ಮೂರು ಸಲ ಒಗೆದು ಒಣಗಿಸಿ ಅಳೆಯಬೇಕು; ಮೊದಲ ಒಗೆತದಲ್ಲಿ ಹೆಚ್ಚಿನ ಭಾಗ ಕುಗ್ಗುತ್ತದೆ, ಉಳಿದದ್ದು ನಂತರದವುಗಳಲ್ಲಿ.

ಬಂದ ತುಂಡನ್ನು ಇಸ್ತ್ರಿ ಮಾಡಬಾರದು, ಕೈಯಿಂದ ಎಳೆದು ನೆಟ್ಟಗೆ ಮಾಡಬಾರದು. ಮತ್ತೆ ಒಂದು ರಾತ್ರಿ ಹರಡಿಟ್ಟು ತೂಗಬೇಕು. ಗುರುತುಗಳ ನಡುವಿನ ಅಂತರವನ್ನು ಉದ್ದದಲ್ಲಿ ಮೂರು ಕಡೆ, ಅಗಲದಲ್ಲಿ ಮೂರು ಕಡೆ ಅಳೆದು ಸರಾಸರಿ ತೆಗೆಯಬೇಕು. ನಮ್ಮ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: ಮುಂಚೆ 147.6 ಗ್ರಾಂ, ಆಮೇಲೆ 137.3; ಉದ್ದ 50ರಿಂದ 48.5, ಅಗಲ 50ರಿಂದ 49. ತೂಕದ ನಷ್ಟ ಶೇ. 7. ಕೊನೆಗೆ ತೊಳೆದ ತುಂಡಿನ ನಡುವಿನಿಂದ ಒಂದು ಬಿಲ್ಲೆ ಕತ್ತರಿಸಿ ತೂಗಿದರೆ, ಲೆಕ್ಕದಿಂದ ಬಂದ ಜಿಎಸ್‌ಎಂಗೆ ಅದು ಹೊಂದುತ್ತದೆಯೇ ಎಂದು ತಾಳೆ ನೋಡಬಹುದು. ನಮ್ಮ ಬಿಲ್ಲೆ 3.97 ಗ್ರಾಂ ಬಂತು, ಲೆಕ್ಕ 398 ಹೇಳಿತ್ತು.

ಕುಗ್ಗುವ ಪ್ರಮಾಣ ತಿಳಿದ ಮೇಲೆ ಪ್ಯಾಟರ್ನ್ ದೊಡ್ಡದು ಮಾಡುವಾಗ ಕೂಡಿಸಬೇಡಿ, ಭಾಗಿಸಿ. ತೊಡೆಯ ಪಟ್ಟಿ ತೊಳೆದ ಮೇಲೆ 50 ಸೆಂ.ಮೀ. ಬೇಕು, ಬಟ್ಟೆ ಶೇ. 12 ಕುಗ್ಗುತ್ತದೆ ಎಂದಾದರೆ, 50ಕ್ಕೆ ಶೇ. 12 ಸೇರಿಸಿದರೆ ಬರುವುದು 56. ಅದು ಕುಗ್ಗಿ 49.3 ಆಗುತ್ತದೆ. 50ನ್ನು 0.88ರಿಂದ ಭಾಗಿಸಿದರೆ 56.8, ಅದೇ ಸರಿಯಾದ ಅಳತೆ.

ಒಂದು ಥಾನಿನ ಪರೀಕ್ಷೆಯನ್ನು ಇಡೀ ಲಾಟಿಗೆ ಹಚ್ಚುವುದು ಅಪಾಯ. ಪ್ರತಿ ಥಾನಿನಿಂದ ಒಂದು ತುಂಡು ತೆಗೆದು, ಥಾನಿನ ಸಂಖ್ಯೆ ಬರೆದು, ಎಲ್ಲವನ್ನೂ ನಮ್ಮ ಕಡೆಯ ಅಜ್ಜಿಯರು ಕೌದಿ ಹೊಲಿದಂತೆ ಒಂದಕ್ಕೊಂದು ಜೋಡಿಸಿ ಒಟ್ಟಿಗೆ ತೊಳೆಸುತ್ತೇವೆ. ಆ ಕೌದಿಯನ್ನು ಹಗ್ಗಕ್ಕೆ ಹಾಕಿ ಹಗಲು ಬೆಳಕಿನಲ್ಲಿ ನೋಡಿದರೆ ಯಾವ ಥಾನಿನ ಬಣ್ಣ ಬೇರೆಯಾಗಿದೆ ಎಂಬುದು ತಿಳಿಯುತ್ತದೆ. ಅಳತೆ ಪಟ್ಟಿ ಹಿಡಿದರೆ ಯಾವುದು ಹೆಚ್ಚು ಕುಗ್ಗಿದೆ ಎಂಬುದೂ ತಿಳಿಯುತ್ತದೆ. ಒಂದೇ ಬಗೆಯಲ್ಲಿ ಕುಗ್ಗಿದ ಥಾನುಗಳನ್ನು ಒಂದು ಗುಂಪು ಮಾಡಿ ಕತ್ತರಿಸಿದರೆ, ಒಂದೇ 32ರ ಅಳತೆಯ ಎರಡು ಪ್ಯಾಂಟುಗಳು ಬೇರೆ ಬೇರೆ ಸೊಂಟ ತೋರಿಸುವ ಫಜೀತಿ ತಪ್ಪುತ್ತದೆ.

ಹೊಲಿದು ಮುಗಿದ ಪ್ಯಾಂಟಿನ ತೂಕ

ಅಂಗಡಿಯಿಂದ ತಂದ ಜೀನ್ಸ್ ಎಷ್ಟು ಔನ್ಸ್ ಎಂದು ಅನೇಕರು ಕೇಳುತ್ತಾರೆ. ಇಡೀ ಪ್ಯಾಂಟನ್ನು ತಕ್ಕಡಿಗೆ ಹಾಕಿ ಪ್ರಯೋಜನವಿಲ್ಲ. ಜಿಪ್ಪು, ಗುಂಡಿ, ರಿವೆಟ್, ಜೇಬಿನ ಬಿಳಿ ಬಟ್ಟೆ, ಚರ್ಮದ ಪಟ್ಟಿ ಎಲ್ಲವೂ ಅದರಲ್ಲಿ ಸೇರಿರುತ್ತವೆ, ವಿಸ್ತೀರ್ಣವಂತೂ ಯಾರಿಗೂ ತಿಳಿಯದು. ಆದರೆ ಉದ್ದ ಕಡಿಮೆ ಮಾಡಿಸಲು ಆಲ್ಟರೇಷನ್ ಅಂಗಡಿಗೆ ಹೋದಾಗ ಕತ್ತರಿಸಿದ ಕಾಲಿನ ತುದಿಯನ್ನು ಕೇಳಿ ತೆಗೆದುಕೊಂಡು ಬನ್ನಿ. ಹಳೆಯ ಮಡಿಕೆಯ ಹೊಲಿಗೆ ಬಿಚ್ಚಿ, ಬದಿಯ ದಪ್ಪ ಹೊಲಿಗೆಗಳನ್ನು ಕತ್ತರಿಸಿ ಬಿಸಾಡಿ, ಉಳಿದ ಒಂಟಿ ಪದರದ ಪಟ್ಟಿಗಳನ್ನು ಅಳೆಯಿರಿ. ಎಲ್ಲ ಸೇರಿ 36 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ ಬಂದರೆ 216 ಚದರ ಸೆಂ.ಮೀ. ಅದು 8.4 ಗ್ರಾಂ ತೂಗಿದರೆ, 8.4ನ್ನು 216ರಿಂದ ಭಾಗಿಸಿ 10,000ದಿಂದ ಗುಣಿಸಿ; 389 ಜಿಎಸ್‌ಎಂ, 11.5 ಔನ್ಸ್. ಇದು ತೊಳೆದ ಮೇಲಿನ ತೂಕ ಎಂಬುದನ್ನು ಪಕ್ಕದಲ್ಲಿ ಬರೆದಿಡಬೇಕು. ಮಡಿಕೆಯ ಒಳಗೆ ಮುಚ್ಚಿಕೊಂಡಿದ್ದ ಭಾಗ ಕಲ್ಲಿಗೆ ಸಿಗದೆ ಕಡುನೀಲಿಯಾಗಿಯೇ ಉಳಿದಿರುತ್ತದೆ; ಅದನ್ನೂ, ಹೊರಗೆ ತೆರೆದುಕೊಂಡು ಮಾಸಿದ ಭಾಗವನ್ನೂ ಬೇರೆ ಬೇರೆ ಕತ್ತರಿಸಿ ಬಂಗಾರದ ತಕ್ಕಡಿಯಲ್ಲಿ ತೂಗಿ, ಒಂದೊಂದು ಚದರ ಸೆಂ.ಮೀ.ಗೆ ಎಷ್ಟು ಬಂತೆಂದು ಹೋಲಿಸಿದರೆ, ಕಲ್ಲು ಆ ಪ್ಯಾಂಟಿನಿಂದ ಎಷ್ಟು ನಾರನ್ನು ತೆಗೆದುಕೊಂಡಿತು ಎಂಬುದರ ಅಂದಾಜು ಸಿಗುತ್ತದೆ.